ಮಕ್ಕಳಿಗೆ ಹೇಳುವಂಥ ಪದಗಳ ಕತೆ ಇದ್ದರೆ ಹೇಳಿ

ಸುರತ್ಕಲ್ ಅಮ್ಮ:
ಮಗ ಮೂರನೇ ಕ್ಲಾಸು. ಸ್ಟೇಟ್‌ಬ್ಯಾಂಕಿಗೆ ಹೋಗುವಾಗ, ತುಂಬಿದ ಸಿಟಿ ಬಸ್ಸಿನಲ್ಲಿ ನೇತಾಡಿಕೊಂಡೇ ಕೇಳಿದ, "ಅಮ್ಮ, ಬಸ್ಸಿಗೆ ಬಸ್ ಅಂತ ಯಾಕೆ ಹೇಳುವುದು?" ಅಷ್ಟರಲ್ಲಿ ಕಂಡಕ್ಟರ್ "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಕೂಗಿದ್ದರಿಂದ ನಾನು ಬಚಾವ್. ಶಾಲೆಯಲ್ಲಿ ಪ್ರತಿಯೊಬ್ಬರೂ ಒಂದು ಪದದ ಕತೆ ಹೇಳಬೇಕಂತೆ. ಮಕ್ಕಳು ನಗಬೇಕು, ಕತೆಯೂ ನಿಜ ಇರಬೇಕು. ವಾಟ್ಸಾಪ್ ಬುರುಡೆ ಬೇಡ.

ಕಟಪಾಡಿ ಜಿನಸಿನ ಅಂಗಡಿ:
ಬಸ್ಸಿನದ್ದನ್ನೇ ಹೇಳಿಸಿ ಅಕ್ಕ. ಲ್ಯಾಟಿನ್ ಭಾಷೆಯಲ್ಲಿ 'ಓಮ್ನಿಬಸ್' ಅಂದರೆ 'ಎಲ್ಲರಿಗೆ'. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ, ಯಾರು ಬೇಕಾದರೂ ಹತ್ತಬಹುದಾದ ಕುದುರೆ ಗಾಡಿಗೆ ಈ ಹೆಸರು ಬಿತ್ತು. ಇಂಗ್ಲಿಷಿನವರು ಅದರ ತಲೆ ಕತ್ತರಿಸಿ ಬಾಲ ಮಾತ್ರ ಇಟ್ಟುಕೊಂಡರು. ಆ ಬಾಲ ಬರೀ ವಿಭಕ್ತಿ ಪ್ರತ್ಯಯ! ನಾವು 'ಎಲ್ಲರಿಗೆ' ಎಂಬುದರಲ್ಲಿ 'ರಿಗೆ' ಮಾತ್ರ ಉಳಿಸಿಕೊಂಡು, "ಉಡುಪಿ ರಿಗೆ ಬಂತಾ?" ಎಂದು ಕೇಳಿದ ಹಾಗೆ. ಮಗ "ರಿಗೆ ಹೊರಟಿತು, ರೈಟ್ ರೈಟ್!" ಎಂದು ಕೂಗಿದರೆ ಕ್ಲಾಸಿಗೆ ಕ್ಲಾಸೇ ನಗುತ್ತದೆ.

ಇನ್ನು ನನ್ನ ಅಂಗಡಿಯದ್ದು. ಸಕ್ಕರೆ ಬಂದದ್ದು ಸಂಸ್ಕೃತದ 'ಶರ್ಕರಾ'ದಿಂದ. ಅದರ ಹಳೇ ಅರ್ಥ ಜಲ್ಲಿ, ಹರಳು. ಹಾಗಾದರೆ ಕಲ್ಲುಸಕ್ಕರೆ ಅಂದರೆ ಕಲ್ಲುಜಲ್ಲಿ, ಅಲ್ವಾ? ಅದೇ ಪದ ಅರಬ್ಬರ ಬಾಯಲ್ಲಿ 'ಸುಕ್ಕರ್' ಆಗಿ, ಇಂಗ್ಲಿಷಿನಲ್ಲಿ 'ಶುಗರ್' ಆಯಿತು. ಮಲಯಾಳದಲ್ಲಿ ಬೆಲ್ಲಕ್ಕೆ 'ಶರ್ಕರ'. ಅದು ಪೋರ್ಚುಗೀಸರ ಕೈಗೆ ಸಿಕ್ಕಿ 'ಜ್ಯಾಗರಿ'. ಶುಗರ್, ಜ್ಯಾಗರಿ ಎರಡೂ ಒಂದೇ ಮನೆಯವು! ಹಿಂದಿಯವರು ಮಾತ್ರ ಸಕ್ಕರೆಗೆ 'ಚೀನಿ' ಅನ್ನುತ್ತಾರೆ, ಅಂದರೆ ಚೀನಾದ್ದು. ಕಲ್ಲುಸಕ್ಕರೆಗೆ 'ಮಿಶ್ರಿ', ಈಜಿಪ್ಟಿನದ್ದು. ನಮ್ಮ ಕಬ್ಬಿಗೆ ಬೇಜಾರಾಗದೆ ಇರುತ್ತದಾ!

ಘಟ್ಟದ ಮೇಲಿನ ಗಿರಾಕಿಗಳು ಆಲೂಗಡ್ಡೆ ಕೇಳುತ್ತಾರೆ, ಊರಿನವರು ಬಟಾಟೆ. ಬಟಾಟೆ ಮೂಲದಲ್ಲಿ ಕೆರಿಬಿಯನ್ ದ್ವೀಪದವರ ಮಾತು. ಅವರು ಹಾಗೆ ಕರೆಯುತ್ತಿದ್ದುದು ಗೆಣಸನ್ನು!

ಉಳ್ಳಾಲದ ಬಂಗುಡೆ:
ಕೆಚಪ್ ಬಿಟ್ಟಿರಲ್ಲ! ಅದು ದಕ್ಷಿಣ ಚೀನಾದ ಹೊಕ್ಕಿಯೆನ್ ಮಾತು. ಮೊದಲು ಅದು ಮೀನು ಹುಳಿಬರಿಸಿ ಮಾಡಿದ ಉಪ್ಪು ರಸ. ಟೊಮೆಟೊ ಸೇರಿದ್ದು ಎಷ್ಟೋ ಆಮೇಲೆ. ಗೋಳಿಬಜೆಗೆ ಚಟ್ನಿ ಬಿಟ್ಟು ಕೆಚಪ್ ಕೇಳುವವರಿಗೆ ಇದನ್ನು ಮೊದಲು ಹೇಳಬೇಕು.

ಸುರತ್ಕಲ್ ಅಮ್ಮ:
ಮಗ ಈಗಲೇ ಮನೆ ತುಂಬ "ರಿಗೆ, ರಿಗೆ" ಅಂತ ಓಡುತ್ತಿದ್ದಾನೆ. ಆದರೆ ಕೈಯಲ್ಲಿ ಹಿಡಿದು ತೋರಿಸುವಂಥದ್ದು ಏನಾದರೂ ಬೇಕಂತೆ.

ಕಟಪಾಡಿ ಜಿನಸಿನ ಅಂಗಡಿ:
ತೆಂಗಿನಕಾಯಿ ಕೊಟ್ಟು ಕಳಿಸಿ. ಅದರ ಮೂರು ಕಣ್ಣು ಹಲ್ಲು ಕಿಸಿಯುವ ಮುಖದ ಹಾಗೆ ಕಂಡು, ಪೋರ್ಚುಗೀಸರು 'ಕೋಕೋ' ಅಂದರು. ಮಕ್ಕಳನ್ನು ಹೆದರಿಸುವ ಅವರ ಗುಮ್ಮನಿಗೂ ಅದೇ ಹೆಸರು. 'ಕೋಕೋನಟ್' ಆದದ್ದು ಹಾಗೆ. ಜುಟ್ಟು ಪೂರ್ತಿ ತೆಗೆದೇ ಕೊಡಿ, ಇಲ್ಲದಿದ್ದರೆ ಕಣ್ಣು ಕಾಣುವುದಿಲ್ಲ.