ಅಪ್‌ಡೇಟ್: ಎರಡು ವಾರದ ಸ್ಪ್ರಿಂಟ್ ಶುರು ಮಾಡಿದ ಮೇಲೆ

ಮೂರು ತಿಂಗಳ ಹಿಂದೆ ಕೇಳಿದ್ದೆ: ಹುಬ್ಬಳ್ಳಿಯಲ್ಲಿ ನಮ್ಮದು 6 ಜನರ ವೆಬ್‌ಸೈಟ್ ಏಜೆನ್ಸಿ, 4 ಕ್ಲೈಂಟ್‌ಗಳ ಕೆಲಸ ಒಟ್ಟಿಗೇ ನಡೆಯುತ್ತದೆ, ಯಾವುದೂ ಮುಗಿಯುವುದಿಲ್ಲ, ಏನು ಮಾಡಲಿ ಅಂತ. ಸ್ಪ್ರಿಂಟ್ ಮಾಡಿ ನೋಡಿ ಅಂದಿರಿ, ಅಂದರೆ ಇಷ್ಟೇ ದಿನ ಅಂತ ಗೊತ್ತುಮಾಡಿ, ಅಷ್ಟರಲ್ಲಿ ಮುಗಿಸುವ ಕೆಲಸವನ್ನು ಮೊದಲೇ ಆರಿಸಿಕೊಳ್ಳುವುದು. ಮಾಡಿದೆವು.

ಸ್ಕ್ರಮ್‌ನಲ್ಲಿ (ಸ್ಪ್ರಿಂಟ್‌ಗಳಲ್ಲಿ ಕೆಲಸ ಮಾಡುವ ಪದ್ಧತಿ) ಒಂದು ಸ್ಪ್ರಿಂಟ್ ತಿಂಗಳು ಮೀರಬಾರದು. ನಾವು ಎರಡು ವಾರ ಇಟ್ಟುಕೊಂಡೆವು. ಮೊದಲನೆಯದು ಪೂರ್ತಿ ಎಡವಟ್ಟು. ನಾಲ್ಕೂ ಕ್ಲೈಂಟ್‌ಗಳ ಕೆಲಸ ಒಂದರಲ್ಲೇ ತುರುಕಿದ್ದೆವು. ಈಗ ಒಂದು ಸ್ಪ್ರಿಂಟ್‌ಗೆ ಇಬ್ಬರೇ ಕ್ಲೈಂಟ್. ಉಳಿದವರ ಕೆಲಸ ಬ್ಯಾಕ್‌ಲಾಗ್‌ನಲ್ಲಿ (ಮುಂದೆ ಮಾಡಬೇಕಾದ ಕೆಲಸಗಳ ಪಟ್ಟಿ) ಸರದಿ ಕಾಯುತ್ತದೆ. ನಮ್ಮ ತಂಡದ ಒಬ್ಬೊಬ್ಬರಿಗೆ ವಾರಕ್ಕೆ 30 ಗಂಟೆಯ ಕೆಲಸ ಮಾತ್ರ ಹಂಚುತ್ತೇವೆ. ಮಿಕ್ಕ ಸಮಯವನ್ನು ಫೋನು, ರಿಪೇರಿ ತಿಂದುಹಾಕುತ್ತವೆ.

"ಚಿಕ್ಕ ಚೇಂಜ್ ಸರ್, ಇವತ್ತೇ ಮಾಡಿಬಿಡಿ" ಅನ್ನುವ ಕಾಟ ಗೊತ್ತಲ್ವಾ? ಈಗ ನಮ್ಮ ಉತ್ತರ ಒಂದೇ: ಮುಂದಿನ ಸ್ಪ್ರಿಂಟ್‌ಗೆ ಹಾಕೋಣ, ಇಲ್ಲವೇ ಅಷ್ಟೇ ಗಾತ್ರದ ಇನ್ನೊಂದು ಕೆಲಸ ಹೊರಗೆ ತೆಗೆಯೋಣ. ಅರ್ಧ ಅರ್ಜೆಂಟುಗಳು ತಾವೇ ತಣ್ಣಗಾದವು.

ದಿನದ ಮೀಟಿಂಗ್ 15 ನಿಮಿಷ, ನಿಂತೇ. (ಕೂತರೆ ಚಹಾ ಬರುತ್ತದೆ, ಒಂದು ಗಂಟೆ ಹೋಗುತ್ತದೆ.) ಸ್ಪ್ರಿಂಟ್‌ನ ಎರಡನೇ ಶುಕ್ರವಾರ ಕ್ಲೈಂಟ್‌ಗೆ ಡೆಮೊ.

ಇಡೀ ಕೆಲಸಕ್ಕೆ ಮೊದಲೇ ಫಿಕ್ಸೆಡ್ ರೇಟ್ ಮಾತಾಡಿಕೊಂಡ ಒಬ್ಬ ಕ್ಲೈಂಟ್ ಮಾತ್ರ ಇನ್ನೂ ಒಗ್ಗಿಲ್ಲ. "ಎಲ್ಲ ಒಟ್ಟಿಗೇ ಕೊಡಿ" ಅನ್ನುತ್ತಾರೆ. ಅವರಿಗೆ ಸದ್ಯಕ್ಕೆ ಹಳೇ ಪದ್ಧತಿಯೇ.