ಗಡುವಿನೊಳಗೆ ವಿಲೇವಾರಿ ಶೇ 97, ಆದರೂ ಜನ ಅಲೆಯುವುದು ತಪ್ಪಿಲ್ಲ: ಇದನ್ನು ಅಧ್ಯಯನ ಮಾಡುವುದು ಹೇಗೆ?

ಹೊಸಕಡತ:
ಸಾರ್ವಜನಿಕ ಆಡಳಿತ ವಿಭಾಗಕ್ಕೆ ಸಂಶೋಧನಾ ಪ್ರಸ್ತಾವನೆ ಬರೆಯುತ್ತಿದ್ದೇನೆ. ಕಾಲಮಿತಿಯೊಳಗೆ ಸೇವೆ ಕೊಡಬೇಕೆಂಬ ನಿಯಮ ಬಂದ ಮೇಲೆ ಕಚೇರಿಗಳು ನಿಜಕ್ಕೂ ಸುಧಾರಿಸಿವೆಯೇ ಎಂಬುದು ವಿಷಯ. ಡ್ಯಾಶ್‌ಬೋರ್ಡ್ ಪ್ರಕಾರ ಶೇ 97 ಅರ್ಜಿಗಳು ಗಡುವಿನೊಳಗೆ ಮುಗಿದಿವೆ, ಸರಾಸರಿ 15 ದಿನ. ಅರ್ಜಿದಾರರ ದೂರುಗಳು ಮಾತ್ರ ಕಡಿಮೆಯಾಗಿಲ್ಲ. ಯಾವುದನ್ನು ನಂಬಬೇಕು? ಎಲ್ಲಿಂದ ಶುರು ಮಾಡಲಿ?

ಟಪಾಲು:
ಮೊದಲು ಸರಾಸರಿಯನ್ನು ಬದಿಗಿಡಿ. ಪ್ರತಿ ಅರ್ಜಿಯ ಸ್ವೀಕೃತಿ ದಿನಾಂಕ, ವಿಲೇವಾರಿ ದಿನಾಂಕ ಮತ್ತು ಷರಾ, ಈ ಮೂರು ಕಾಲಂ ಕೇಳಿ ಪಡೆಯಿರಿ. ಎಷ್ಟನೇ ದಿನ ಎಷ್ಟು ಅರ್ಜಿ ಮುಗಿದವು ಎಂದು ನಕ್ಷೆ ಹಾಕಿ. ಗಡುವು 21 ದಿನ ಅಂದುಕೊಳ್ಳಿ. 19, 20, 21ನೇ ದಿನಗಳಲ್ಲಿ ದಿಢೀರ್ ಗುಡ್ಡ ಎದ್ದು 22ಕ್ಕೆ ಕಂದಕವಿದ್ದರೆ, ಅಲ್ಲಿ ಕೆಲಸ ನಡೆಸುತ್ತಿರುವುದು ಗಡುವು, ಕಡತದ ಅಗತ್ಯವಲ್ಲ. ಇಂಗ್ಲೆಂಡಿನ ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ 4 ಗಂಟೆಯ ಗುರಿ ಕೊಟ್ಟಾಗ ಕಂಡದ್ದು ಇದೇ ಆಕಾರ: ಆ 4 ಗಂಟೆ ತುಂಬುವ ಕೊನೆಯ ನಿಮಿಷಗಳಲ್ಲಿ ರೋಗಿಗಳನ್ನು ವಾರ್ಡಿಗೆ ಸೇರಿಸುವುದು ಒಮ್ಮೆಗೇ ಏರುತ್ತಿತ್ತು.

ಆಮೇಲೆ ಆ ಗುಡ್ಡವನ್ನೇ ಸೀಳಿ ನೋಡಿ. ಕೊನೆಯ ಮೂರು ದಿನ ಮುಗಿದವುಗಳಲ್ಲಿ ಮಂಜೂರಾದವು ಎಷ್ಟು, ‘ದಾಖಲೆ ಅಪೂರ್ಣ’ ಎಂದು ಹಿಂಬರಹ ಕೊಟ್ಟವು ಎಷ್ಟು? ತಿರಸ್ಕಾರವೂ ವಿಲೇವಾರಿಯೇ. ಅದೇ ವ್ಯಕ್ತಿ ಮಾರನೆಯ ದಿನ ಮತ್ತೆ ಅರ್ಜಿ ಹಾಕಿದರೆ ಗಡಿಯಾರ ಸೊನ್ನೆಯಿಂದ ಶುರು. ಹಾಗಾಗಿ ಅರ್ಜಿ ಸಂಖ್ಯೆಯ ಬದಲು ವ್ಯಕ್ತಿ ಮತ್ತು ಸೇವೆ ಎರಡನ್ನೂ ಜೋಡಿಸಿ, ಮೊದಲ ಅರ್ಜಿಯಿಂದ ಕೊನೆಯ ಮಂಜೂರಾತಿವರೆಗೆ ದಿನ ಎಣಿಸಿ. ನಿಮ್ಮ ಇಡೀ ಪ್ರಬಂಧ ಈ ಒಂದು ಜೋಡಣೆಯ ಮೇಲೆ ನಿಲ್ಲಬಹುದು. ವ್ಯಕ್ತಿಯ ಗುರುತನ್ನು ಕೋಡ್ ಸಂಖ್ಯೆಯಾಗಿಸಿ ಕೊಡಿ ಎಂದು ಕೇಳಿದರೆ ಇಲಾಖೆ ಒಪ್ಪುವ ಸಾಧ್ಯತೆ ಹೆಚ್ಚು.

ಇನ್ನೊಂದು ಸುಲಭದ ಪರೀಕ್ಷೆ ಇದೆ. ಬಾಕಿ ಇರುವ ಅರ್ಜಿಗಳು = ದಿನಕ್ಕೆ ಬರುವ ಅರ್ಜಿ × ಸರಾಸರಿ ದಿನ. ದಿನಕ್ಕೆ 40 ಬರುತ್ತವೆ, 15 ದಿನ ಹಿಡಿಯುತ್ತದೆ ಎಂದರೆ ಬಾಕಿ ಸುಮಾರು 600 ಇರಬೇಕು. ಬೀರು ಎಣಿಸಿದಾಗ 1,500 ಸಿಕ್ಕಿದರೆ ನಿಜವಾದ ಸರಾಸರಿ 37 ದಿನದ ಮೇಲಿದೆ. ಒಳಹರಿವು ಹೆಚ್ಚುಕಡಿಮೆ ಸ್ಥಿರವಾಗಿದ್ದಾಗ ಮಾತ್ರ ಈ ಲೆಕ್ಕ ನಡೆಯುತ್ತದೆ. ಪ್ರವೇಶಾತಿ ಕಾಲದಲ್ಲಿ ಪ್ರಮಾಣಪತ್ರಗಳಿಗೆ ನುಗ್ಗುವ ಹಾಗೆ ಏರಿಳಿತ ಇದ್ದರೆ ಬೇಡ.

ಮಧ್ಯಂತರ:
ಟಪಾಲು ಹೇಳಿದ್ದು ಸರಿ, ಆದರೆ ‘ಮೊದಲು–ಆಮೇಲೆ’ ಹೋಲಿಕೆಯಿಂದ ಸುಧಾರಣೆಯ ಪರಿಣಾಮ ಸಿಗುವುದಿಲ್ಲ. ಇಂಥ ಯೋಜನೆ ಹಂತ ಹಂತವಾಗಿ ಜಾರಿಯಾಗುವಾಗ ಮೊದಲ ಹಂತಕ್ಕೆ ಆರಿಸುವುದು ಸಾಮಾನ್ಯವಾಗಿ ಸಿಬ್ಬಂದಿ ಭರ್ತಿ ಇರುವ, ಚುರುಕಾದ ಕಚೇರಿಗಳನ್ನೇ. ಅವು ಹೇಗಿದ್ದರೂ ಮುಂದೆಯೇ ಇರುತ್ತಿದ್ದವು. ಜಾರಿಗೆ ಮುಂಚಿನ ಕನಿಷ್ಠ 12 ತಿಂಗಳ ಅಂಕಿ ತರಿಸಿ, ಮೊದಲು ಜಾರಿಯಾದ ಮತ್ತು ತಡವಾಗಿ ಜಾರಿಯಾದ ಎರಡೂ ಗುಂಪಿನ ಕಚೇರಿಗಳ ಏರಿಳಿತ ಒಂದೇ ದಾರಿಯಲ್ಲಿತ್ತೇ ನೋಡಿ. ಈಗಾಗಲೇ ಜಾರಿಯಾದ ಕಚೇರಿಯನ್ನು ತಡವಾಗಿ ಜಾರಿಯಾದದ್ದಕ್ಕೆ ಹೋಲಿಕೆಯಾಗಿ ಬಳಸಬೇಡಿ, ಫಲಿತಾಂಶದ ಚಿಹ್ನೆಯೇ ತಿರುಗಬಹುದು. 2021ರ ಸುಮಾರಿಗೆ ಅರ್ಥಮಾಪನ ಶಾಸ್ತ್ರದಲ್ಲಿ (ಇಕನಾಮೆಟ್ರಿಕ್ಸ್) ಈ ತಪ್ಪನ್ನು ವಿವರವಾಗಿ ತೋರಿಸಿದ ಮೇಲೆ, ಹಳೆಯ ವಿಧಾನದ ಪ್ರಬಂಧವನ್ನು ಪರೀಕ್ಷಕರು ಸುಮ್ಮನೆ ಬಿಡುವುದಿಲ್ಲ.

ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುವುದನ್ನೂ ಅಳೆಯಬೇಕು. ಇಂಡೊನೇಷ್ಯಾದ 600ಕ್ಕೂ ಹೆಚ್ಚು ಹಳ್ಳಿಗಳ ರಸ್ತೆ ಕಾಮಗಾರಿಯಲ್ಲಿ ಅರ್ಥಶಾಸ್ತ್ರಜ್ಞ ಬೆಂಜಮಿನ್ ಓಲ್ಕನ್ ನಡೆಸಿದ ಪ್ರಯೋಗ (2007ರಲ್ಲಿ ಪ್ರಕಟ) ನೋಡಿ. ಲೆಕ್ಕಪರಿಶೋಧನೆಯ ಸಾಧ್ಯತೆಯನ್ನು ಶೇ 4ರಿಂದ 100ಕ್ಕೆ ಏರಿಸಿದಾಗ ಕಾಣೆಯಾಗುತ್ತಿದ್ದ ಖರ್ಚು ಸುಮಾರು 8 ಶೇಕಡಾವಾರು ಅಂಶ ಇಳಿಯಿತು; ಜೊತೆಗೆ ಕಾಮಗಾರಿ ನಡೆಸುವವರ ನೆಂಟರಿಷ್ಟರಿಗೆ ಕೆಲಸ ಸಿಗುವುದು ಹೆಚ್ಚಿತು.

ಕಿಟಕಿ ನಂ 3:
ಇಬ್ಬರೂ ಸ್ವೀಕೃತಿಯಾದ ಅರ್ಜಿಯಿಂದ ಶುರು ಮಾಡಿದ್ದೀರಿ. ಗಡಿಯಾರ ಶುರುವಾಗುವ ಮುಂಚೆಯೇ ವಾಪಸ್ ಹೋದವರ ಗತಿ? ‘ಈ ನಕಲು ತನ್ನಿ, ಆಮೇಲೆ ಸ್ವೀಕೃತಿ ಕೊಡುತ್ತೇವೆ’ ಎಂದು ಕೌಂಟರಿನಲ್ಲೇ ಹೇಳಿ ಕಳಿಸಿದರೆ ಅದು ಯಾವ ದತ್ತಾಂಶದಲ್ಲೂ ಇರುವುದಿಲ್ಲ. ಸಾರ್ವಜನಿಕ ನೀತಿಯ ವಿದ್ವಾಂಸರಾದ ಪಮೇಲಾ ಹರ್ಡ್, ಡೊನಾಲ್ಡ್ ಮೊಯ್ನಿಹನ್ ಬೆಳೆಸಿದ ‘ಆಡಳಿತಾತ್ಮಕ ಹೊರೆ’ಯ ಚೌಕಟ್ಟು ಇಲ್ಲಿ ಕೈಗೆ ಬರುತ್ತದೆ: ಮಾಹಿತಿ ಹುಡುಕುವ ಹೊರೆ, ದಾಖಲೆ ಒದಗಿಸುವ ಹೊರೆ, ಮನಸ್ಸಿನ ಮೇಲಿನ ಹೊರೆ. ಕಳೆದೊಂದು ದಶಕದಲ್ಲಿ ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಓಡಾಡುತ್ತಿರುವ ಪರಿಕಲ್ಪನೆಗಳಲ್ಲಿ ಇದೂ ಒಂದು. ಅಳೆಯುವುದು ಕಷ್ಟವಲ್ಲ. ಬಾಗಿಲ ಹೊರಗೆ ನಿಂತು, ಹೊರಬರುವ ಪ್ರತಿ ಐದನೆಯವರಿಗೆ ನಾಲ್ಕೇ ಪ್ರಶ್ನೆ: ಇದು ಎಷ್ಟನೇ ಭೇಟಿ, ಸ್ವೀಕೃತಿ ಸಿಕ್ಕಿತೇ, ಏನು ತರಲು ಹೇಳಿದರು, ಆ ದಾಖಲೆ ನಿಯಮದ ಪಟ್ಟಿಯಲ್ಲಿದೆಯೇ. ಕೊನೆಯದನ್ನು ನೀವೇ ಪಟ್ಟಿ ನೋಡಿ ತುಂಬಿ, ಅವರನ್ನು ಕೇಳಬೇಡಿ. ಒಳಗೆ ಕೂತು ಕೇಳಿದರೆ ಎಲ್ಲರೂ ‘ಚೆನ್ನಾಗಿದೆ’ ಅನ್ನುತ್ತಾರೆ.

ಹೊಸಕಡತ:
ಧನ್ಯವಾದ. ಹಾಗಾದರೆ ಇಡೀ ಪ್ರಕ್ರಿಯೆಯನ್ನು ತಂತ್ರಾಂಶಕ್ಕೆ ಬಿಟ್ಟರೆ ಈ ಆಟಗಳು ನಿಲ್ಲುವುದಿಲ್ಲವೇ? ಅದನ್ನೇ ಶಿಫಾರಸಾಗಿ ಬರೆಯಬಹುದು ಅಂದುಕೊಂಡಿದ್ದೆ.

ಟಪಾಲು:
ಬರೆಯುವ ಮುನ್ನ ಆಸ್ಟ್ರೇಲಿಯಾ ಸರ್ಕಾರ ತಂತ್ರಾಂಶದಿಂದ ಬಾಕಿ ವಸೂಲಿಗೆ ಹೊರಟ ‘ರೋಬೊಡೆಟ್’ ಪ್ರಕರಣ ಓದಿ. ವಾರ್ಷಿಕ ಆದಾಯವನ್ನು ಹದಿನಾಲ್ಕು ದಿನಗಳ 26 ಕಂತುಗಳಿಗೆ ಸಮನಾಗಿ ಹಂಚಿ, ಸರ್ಕಾರಿ ಭತ್ಯೆ ಪಡೆದವರ ಮೇಲೆ ಬಾಕಿ ಹೊರಿಸುತ್ತಿದ್ದರು. ಒಬ್ಬರು ಆರು ತಿಂಗಳು ದುಡಿದು 26,000 ಡಾಲರ್ ಗಳಿಸಿ, ಉಳಿದ ಆರು ತಿಂಗಳು ಕೆಲಸವಿಲ್ಲದೆ ಭತ್ಯೆ ಪಡೆದರು ಅನ್ನಿ. ಲೆಕ್ಕದಲ್ಲಿ ಅವರಿಗೆ ವರ್ಷಪೂರ್ತಿ ಪ್ರತಿ ಕಂತಿಗೆ 1,000 ಡಾಲರ್ ಆದಾಯ. ಪಡೆದ ಭತ್ಯೆ ‘ಸಾಲ’ವಾಗುತ್ತದೆ. ಹಾಗಲ್ಲ ಎಂದು ಸಾಬೀತುಪಡಿಸುವ ಹೊಣೆ ಅರ್ಜಿದಾರರದ್ದು, ಅದೂ ವರ್ಷಗಳ ಹಿಂದಿನ ಸಂಬಳ ಚೀಟಿ ಹುಡುಕಿ. ಈ ವಿಧಾನ ಕಾನೂನುಬಾಹಿರ ಎಂದಾಯಿತು, 2023ರಲ್ಲಿ ರಾಯಲ್ ಕಮಿಷನ್ (ಸರ್ಕಾರ ನೇಮಿಸಿದ ವಿಚಾರಣಾ ಆಯೋಗ) ವರದಿ ಬಂತು. ಯಂತ್ರ ಹೇಳಿದ ಹಾಗೆಯೇ ಕೆಲಸ ಮಾಡಿತ್ತು. ಹೇಳಿದ ನಿಯಮವೇ ತಪ್ಪು.

ಶಿಫಾರಸು ಬರೆಯಲೇಬೇಕಿದ್ದರೆ ಸಣ್ಣದು ಬರೆಯಿರಿ. ಆಕ್ಷೇಪಣೆಗಳನ್ನೆಲ್ಲ ಮೊದಲ 5 ದಿನದೊಳಗೆ ಒಂದೇ ಸಲ ಎತ್ತಬೇಕು, ಆಮೇಲೆ ಹೊಸ ದಾಖಲೆ ಕೇಳುವಂತಿಲ್ಲ; ತಿರಸ್ಕೃತ ಅರ್ಜಿಗಳಲ್ಲಿ ಶೇ 5ನ್ನು ಚೀಟಿ ಎತ್ತಿ ಬೇರೆ ಕಚೇರಿಯ ವಿಷಯ ನಿರ್ವಾಹಕರು ಮರುಪರಿಶೀಲಿಸಬೇಕು. ಎರಡಕ್ಕೂ ಹೊಸ ತಂತ್ರಾಂಶ ಬೇಕಿಲ್ಲ.

ಮಧ್ಯಂತರ:
ಆ ಚೀಟಿ ಎತ್ತುವುದನ್ನು ಮಾತ್ರ ತಿರಸ್ಕರಿಸಿದ ಕಚೇರಿಗೇ ಬಿಡಬೇಡಿ.