ಡ್ರೈವರ್ ಮುಖ ನೋಡುವ ಕ್ಯಾಮೆರಾ ನಿಜವಾಗಿ ಉಪಯೋಗಕ್ಕೆ ಬರುತ್ತಾ? ಬಳಸಿದವರು ಹೇಳಿ

ಪ್ರಶ್ನೆ ಕೇಳಿದವರು:
ಹೊಸ ಕಾರು ತಗೊಳ್ಳುವ ಯೋಚನೆಯಲ್ಲಿದ್ದೇನೆ. ವಾರಕ್ಕೆ ಎರಡು ಸಲ ರಾತ್ರಿ ಹೊತ್ತು ದೂರ ಓಡಿಸಬೇಕು. ಮೇಲಿನ ವೇರಿಯೆಂಟ್‌ನಲ್ಲಿ ನಿದ್ದೆ ಬಂದರೆ ಎಚ್ಚರಿಸಲು ಡ್ರೈವರ್ ಕಡೆ ತಿರುಗಿದ ಕ್ಯಾಮೆರಾ, ಗಾಡಿ ಗೆರೆ ದಾಟಿದರೆ ಬರುವ ಲೇನ್ ಎಚ್ಚರಿಕೆ ಎಲ್ಲಾ ಇದೆ. "ಬರೀ ಕಿರಿಕಿರಿ, ಎರಡೇ ದಿನಕ್ಕೆ ಆಫ್ ಮಾಡ್ತೀರಿ" ಅಂತಾರೆ ಮನೆಯವರು. ನಾನು ಕನ್ನಡಕ ಹಾಕುತ್ತೇನೆ, ಅದರಿಂದ ತೊಂದರೆ ಇದೆಯಾ? ನಮ್ಮ ಮುಖ ಎಲ್ಲಾದರೂ ರೆಕಾರ್ಡ್ ಆಗುತ್ತಾ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ರಾತ್ರಿ ಓಡಿಸುವವರೊಬ್ಬರು:
ನಾಲ್ಕು ವರ್ಷದಿಂದ ಬಳಸ್ತಿದ್ದೇನೆ ಸರ್. ತಗೊಳ್ಳಿ ಅಂತಲೇ ಹೇಳುತ್ತೇನೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು.

ಒಂದು ರಾತ್ರಿ ಮೂರು ಗಂಟೆ ಇರಬಹುದು, ಖಾಲಿ ಹೆದ್ದಾರಿ, 80ರ ವೇಗ. ಇದ್ದಕ್ಕಿದ್ದಂತೆ ಜೋರಾಗಿ ಬೀಪ್ ಹೊಡೆದು, ಮೀಟರ್ ಮೇಲೆ "ವಿಶ್ರಾಂತಿ ತಗೊಳ್ಳಿ" ಅಂತ ಬಂತು. ನನಗೆ ಸಿಟ್ಟೇ ಬಂತು. ನಾನು ಎಚ್ಚರವಾಗೇ ಇದ್ದೇನಲ್ಲ ಅಂದುಕೊಂಡೆ. ಆದರೂ ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿದೆ. ಮನೆ ಮುಟ್ಟಿದ ಮೇಲೆ ಡ್ಯಾಶ್‌ಕ್ಯಾಮ್‌ನ ಒಳಬದಿಯ ಕ್ಲಿಪ್ ಹಾಕಿ ನೋಡಿದೆ. ತಲೆ ನೆಟ್ಟಗಿದೆ. ಎರಡೂ ಕೈ ಸ್ಟೀರಿಂಗ್ ಮೇಲಿವೆ. ರೆಪ್ಪೆ ನಿಧಾನಕ್ಕೆ ಇಳಿಯಿತು, ಅರ್ಧ ಎದ್ದಿತು, ಮತ್ತೆ ಇಳಿದು ಹಾಗೇ ನಿಂತುಬಿಟ್ಟಿತು. ಮೂಲೆಯ ಗಡಿಯಾರದಲ್ಲಿ ಮೂರು ಸೆಕೆಂಡ್ ಕಳೆದ ಮೇಲೆ ಬೀಪ್. 80ರ ವೇಗ ಅಂದರೆ ಸೆಕೆಂಡಿಗೆ 22 ಮೀಟರ್. ಅಷ್ಟೂ ದೂರ, 66 ಮೀಟರ್, ರಸ್ತೆ ನೋಡುವವರು ಯಾರೂ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು. ಕಣ್ಣು ಮುಚ್ಚಿದ್ದು ನನಗೆ ಇವತ್ತಿಗೂ ನೆನಪಿಲ್ಲ.

ತೂಕಡಿಕೆ ಅಂದರೆ ತಲೆ ವಾಲುವುದು ಅಂತ ನಾವೆಲ್ಲ ತಿಳಿದಿದ್ದೇವೆ. ತಲೆ ವಾಲುವ ಹೊತ್ತಿಗೆ ತುಂಬಾ ತಡವಾಗಿರುತ್ತದೆ. ಕ್ಯಾಮೆರಾ ನೋಡುವುದು ರೆಪ್ಪೆಯನ್ನು. ಒಂದು ನಿಮಿಷದಲ್ಲಿ ಎಷ್ಟು ಹೊತ್ತು ಕಣ್ಣು ಶೇ. 80ಕ್ಕಿಂತ ಹೆಚ್ಚು ಮುಚ್ಚಿತ್ತು ಎಂದು ಲೆಕ್ಕ ಹಾಕುವ ಪರ್ಕ್ಲೋಸ್ ಅನ್ನುವ ಅಳತೆ 1990ರ ದಶಕದಿಂದಲೇ ಇದೆ. ಈಗಿನ ಎಐ ಅದರ ಜೊತೆಗೆ ನೋಟ ಎತ್ತ ಇದೆ, ಆಕಳಿಕೆ ಬಂತಾ, ಮುಖ ಯಾವ ಕಡೆ ತಿರುಗಿದೆ ಅನ್ನುವುದನ್ನೂ ಸೇರಿಸಿ ನೋಡುತ್ತದೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಮುಖದ ಮೇಲೆ ಬೀಳುವುದರಿಂದ ಕತ್ತಲಲ್ಲೂ ಕೆಲಸ ಮಾಡುತ್ತದೆ. ತೀರಾ ಹೊಸದೂ ಅಲ್ಲ, ಲೆಕ್ಸಸ್ 2006ರಲ್ಲೇ ಕಾರಿನೊಳಗೆ ಇಂಥ ಕ್ಯಾಮೆರಾ ಇಟ್ಟಿತ್ತು.

ಒಂದು ವಿಷಯ ಶೋರೂಮಿನಲ್ಲಿ ಖಂಡಿತ ಕೇಳಿ. ಬ್ರೋಷರ್‌ನಲ್ಲಿ "ನಿದ್ದೆ ಎಚ್ಚರಿಕೆ" ಅಂತ ಬರೆದಿದ್ದ ಮಾತ್ರಕ್ಕೆ ಕ್ಯಾಮೆರಾ ಇದೆ ಅಂತಲ್ಲ. ಎಷ್ಟೋ ಕಾರುಗಳು ಸ್ಟೀರಿಂಗ್ ತಿರುಗಿಸುವ ರೀತಿ ನೋಡಿಯೇ ಅಂದಾಜು ಮಾಡುತ್ತವೆ. ಮೇಲೆ ಹೇಳಿದ ರಾತ್ರಿ ನನ್ನ ಕೈ ಅಲುಗಾಡಿರಲಿಲ್ಲ. ಸ್ಟೀರಿಂಗ್ ಮಾತ್ರ ನೋಡುವ ವ್ಯವಸ್ಥೆಗೆ ಆ ಮೂರು ಸೆಕೆಂಡ್ ಗೊತ್ತಾಗುತ್ತಿತ್ತಾ ಅನ್ನುವುದು ನನಗೆ ಅನುಮಾನ.

ಕನ್ನಡಕದ ಬಗ್ಗೆ: ನಾನೂ ಹಾಕುತ್ತೇನೆ, ಸಾಮಾನ್ಯ ಗ್ಲಾಸಿಗೆ ತೊಂದರೆ ಆಗಿಲ್ಲ. ಆದರೆ ಕೆಲವು ಕೂಲಿಂಗ್ ಗ್ಲಾಸ್‌ಗಳು ಇನ್‌ಫ್ರಾರೆಡ್ ಬೆಳಕನ್ನೇ ತಡೆಯುತ್ತವೆ, ಆಗ ಕ್ಯಾಮೆರಾಗೆ ಕಣ್ಣೇ ಕಾಣುವುದಿಲ್ಲ. ನೀವು ದಿನಾ ಹಾಕುವುದನ್ನೇ ಹಾಕಿಕೊಂಡು ಟೆಸ್ಟ್ ಡ್ರೈವ್ ಮಾಡಿ. ಸೀಟು, ಸ್ಟೀರಿಂಗ್ ಎತ್ತರವನ್ನೂ ನಿಮಗೆ ಬೇಕಾದ ಹಾಗೆ ಇಟ್ಟುಕೊಳ್ಳಿ. ಕ್ಯಾಮೆರಾ ಸ್ಟೀರಿಂಗ್ ಹಿಂದೆ ಇದ್ದರೆ ಚಕ್ರದ ಅಂಚು ಮುಖಕ್ಕೆ ಅಡ್ಡ ಬರಬಹುದು.

ಗ್ಲಾಸ್ ಕೆಲಸ ಮಾಡುವವರು:
ಮೇಲಿನವರು ಒಳಗಿನ ಕ್ಯಾಮೆರಾ ಬಗ್ಗೆ ಹೇಳಿದ್ದಾರೆ. ಕನ್ನಡಿಯ ಹಿಂದೆ, ಮುಂದಿನ ಗಾಜಿಗೆ ಅಂಟಿಕೊಂಡು ರಸ್ತೆ ನೋಡುವ ಇನ್ನೊಂದು ಕ್ಯಾಮೆರಾ ಇರುತ್ತದೆ. ಲೇನ್ ಎಚ್ಚರಿಕೆ, ತಾನಾಗಿ ಬ್ರೇಕ್ ಹಾಕುವುದು ಎಲ್ಲಾ ಬಹುತೇಕ ಅದರ ಮೇಲೇ ನಿಂತಿದೆ. ಗಾಜು ಬದಲಿಸಿದ ಮೇಲೆ ಕ್ಯಾಲಿಬ್ರೇಷನ್ (ಕ್ಯಾಮೆರಾ ನೋಟವನ್ನು ಮತ್ತೆ ಸರಿಹೊಂದಿಸುವುದು) ಮಾಡಿಸದೆ ಗಾಡಿ ತಗೊಂಡು ಹೋಗುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಕ್ಯಾಮೆರಾ ಒಂದೇ ಒಂದು ಡಿಗ್ರಿ ಓರೆಯಾದರೂ 50 ಮೀಟರ್ ದೂರದಲ್ಲಿ ಅದರ ಲೆಕ್ಕ ಸುಮಾರು 87 ಸೆಂ.ಮೀ. ತಪ್ಪುತ್ತದೆ. ಅಂದರೆ ಪಕ್ಕದ ಲೇನಿನ ಗಾಡಿ ನಿಮ್ಮ ಲೇನಿನಲ್ಲಿದೆ ಅಂದುಕೊಳ್ಳಬಹುದು. ವೈಪರ್ ರಬ್ಬರ್ ಸವೆದಿದ್ದರೂ ಮಳೆಯಲ್ಲಿ ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ರಸ್ತೆಯ ಬಿಳಿ ಗೆರೆ ಮಾಸಿದ್ದರೆ ಲೇನ್ ಎಚ್ಚರಿಕೆ ಸುಮ್ಮನಿದ್ದುಬಿಡುತ್ತದೆ, ಅದು ದೋಷ ಅಲ್ಲ.

ಮಕ್ಕಳ ಜೊತೆ ಓಡಾಡುವವರು:
ರೆಕಾರ್ಡ್ ಆಗುತ್ತಾ ಅಂತ ಕೇಳಿದ್ದೀರಲ್ಲ, ನಾನು ಮೊದಲು ನೋಡಿದ್ದೇ ಅದನ್ನು. ಯುರೋಪಿಯನ್ ಒಕ್ಕೂಟದಲ್ಲಿ ನಿದ್ದೆ ಎಚ್ಚರಿಕೆ 2022ರ ಜುಲೈನಿಂದ ಹೊಸ ಮಾದರಿಗಳಿಗೆ, 2024ರ ಜುಲೈನಿಂದ ಮಾರಾಟವಾಗುವ ಎಲ್ಲಾ ಹೊಸ ಕಾರುಗಳಿಗೆ ಕಡ್ಡಾಯ. ಇಂಥ ವ್ಯವಸ್ಥೆಗಳು ಸತತವಾಗಿ ರೆಕಾರ್ಡ್ ಮಾಡಬಾರದು, ಮಾಹಿತಿ ಬೇರೆಯವರ ಕೈಗೆ ಸಿಗಬಾರದು ಅಂತ ಅದೇ ಕಾನೂನಿನಲ್ಲಿದೆ. ಬೇರೆ ಕಡೆ ಒಂದೊಂದು ಕಂಪನಿ ಒಂದೊಂದು ರೀತಿ. ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ "ಡೇಟಾ ಹಂಚಿಕೆ" ಭಾಗವನ್ನು ಡೆಲಿವರಿ ದಿನವೇ ಓದಿ, ಬೇಡದ್ದನ್ನು ಆಫ್ ಮಾಡಿ. ನಮ್ಮ ಹಿಂದಿನ ಕಾರಿನಲ್ಲಿ ಕ್ಯಾಬಿನ್ ವಿಡಿಯೊ ಕಳಿಸುವ ಆಯ್ಕೆ ಮೊದಲಿಂದಲೇ ಆನ್ ಆಗಿತ್ತು, ಯಾರೂ ಹೇಳಿರಲಿಲ್ಲ. ಮಕ್ಕಳ ಮಾತು, ಮುಖ ಎಲ್ಲಾ ಅದರಲ್ಲಿ. ಅದು ನನಗೆ ಇಂದಿಗೂ ಬೇಸರ.

ಹೊರಗಿನಿಂದ ಡ್ಯಾಶ್‌ಕ್ಯಾಮ್ ಹಾಕಿಸುವುದಾದರೆ ಬ್ಯಾಟರಿ ಬದಲು ಸೂಪರ್ ಕೆಪಾಸಿಟರ್ ಇರುವುದನ್ನು ನೋಡಿ, ಬಿಸಿಲಿಗೆ ಅದೇ ತಡೆಯುತ್ತದೆ. ಮೆಮೊರಿ ಕಾರ್ಡ್ 'ಹೈ ಎಂಡ್ಯೂರೆನ್ಸ್', ಅಂದರೆ ಸತತ ರೆಕಾರ್ಡಿಂಗ್ ತಡೆಯುವಂಥದ್ದು, ಇರಲಿ. ಜೊತೆಗೆ ಕೂತವರಿಗೆ ಕ್ಯಾಮೆರಾ ಇದೆ ಅಂತ ಹೇಳಿಬಿಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ಸಂಜೆ ಟೆಸ್ಟ್ ಡ್ರೈವ್ ಹೋಗಿ ಬಂದೆ. ಇದರಲ್ಲಿ ಇರುವುದು ಕ್ಯಾಮೆರಾ ಅಂತ ಖಚಿತವಾಯಿತು, ಕನ್ನಡಕದಲ್ಲೂ ಕಣ್ಣು ಹಿಡಿಯಿತು. ಆದರೆ ಸ್ಕ್ರೀನಿನಲ್ಲಿ ಎಸಿ ಕಡಿಮೆ ಮಾಡಲು ಹೋದಾಗಲೆಲ್ಲ ಬೀಪ್ ಹೊಡೆಯಿತು. ಇದನ್ನೇ ಮನೆಯವರು ಕಿರಿಕಿರಿ ಅಂದಿದ್ದು ಅನಿಸುತ್ತದೆ. ಸೆನ್ಸಿಟಿವಿಟಿ ಕಡಿಮೆ ಮಾಡಬಹುದಾ?

ರಾತ್ರಿ ಓಡಿಸುವವರೊಬ್ಬರು:
ಕೆಲವು ಕಾರುಗಳಲ್ಲಿ ಮಾಡಬಹುದು ಸರ್, ಆದರೆ ಬೇಡ. ಯುರೋಪಿನ ನಿಯಮದಲ್ಲಿ 50ಕ್ಕಿಂತ ಹೆಚ್ಚಿನ ವೇಗದಲ್ಲಿ ನೋಟ ಸುಮಾರು ಮೂರೂವರೆ ಸೆಕೆಂಡ್ ಕೆಳಗಿದ್ದರೆ ಎಚ್ಚರಿಸಬೇಕು. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯ 2013ರ ಮಾರ್ಗಸೂಚಿಯಂತೂ ಒಂದು ಸಲಕ್ಕೆ ಎರಡು ಸೆಕೆಂಡಿಗಿಂತ ಹೆಚ್ಚು ರಸ್ತೆಯಿಂದ ಕಣ್ಣು ತೆಗೆಯುವಂತಿರಬಾರದು ಅನ್ನುತ್ತದೆ. ಎಸಿಗೆ ಬೀಪ್ ಬಂತು ಅಂದರೆ ಆ ಸ್ಕ್ರೀನಿನಲ್ಲಿ ಎಸಿ ಹುಡುಕಲು ಅಷ್ಟು ಹೊತ್ತು ಬೇಕಾಗುತ್ತಿದೆ. ಹೊರಡುವ ಮೊದಲೇ ಹೊಂದಿಸಿಕೊಳ್ಳಿ, ಇಲ್ಲವೇ ಬಾಯಲ್ಲಿ ಹೇಳಿ ಮಾಡಿಸಿ. ನನಗೆ ಈ ಅಭ್ಯಾಸ ಆಗಲು ಮೂರು ವಾರ ಹಿಡಿಯಿತು. ಆಮೇಲೆ ಬೀಪ್ ಅಪರೂಪವಾಯಿತು, ಬಂದಾಗ ನಾನು ಗಾಡಿ ನಿಲ್ಲಿಸುತ್ತೇನೆ.